ಜರ್ಮನಿಯಲ್ಲಿ ಸ್ವಂತ ವ್ಯಾಪಾರ, ಪಿಆರ್‌ಗೆ (ಕಾಯಂ ವಾಸದ ಪರವಾನಗಿಗೆ) ಹಾಕ್ಬೇಕು: ಲಾಭ ಕಡಿಮೆ ಇದ್ರೆ "ಈ ದೇಶಕ್ಕೆ ಎಂತ ಪ್ರಯೋಜನ" ಅಂತ ತೋರ್ಸುದು ಹೇಗೆ?

ಬದಿಯಡ್ಕ_ಹಾಳೆ:

ನಮಸ್ಕಾರ ಎಲ್ಲರಿಗೂ. ಊರು ಬದಿಯಡ್ಕ ಹತ್ರ, ಸದ್ಯ ದಕ್ಷಿಣ ಜರ್ಮನಿಯ ಒಂದು ಸಣ್ಣ ಪೇಟೆಯಲ್ಲಿದ್ದೇನೆ. ಮಾಸ್ಟರ್ಸ್‌ಗೆ ಅಂತ ಬಂದವ, ಎರಡು ವರ್ಷ ಓದು, ಆಮೇಲೆ ಒಂದು ವರ್ಷ ಪ್ಯಾಕೇಜಿಂಗ್ ಕಂಪೆನಿಯಲ್ಲಿ ಕೆಲಸ, ಈಗ ಮೂರು ವರ್ಷದಿಂದ ಸ್ವಂತದ್ದು. ಎಂತ ವ್ಯಾಪಾರ ಕೇಳಿದ್ರೆ ನಗ್ಬೇಡಿ, ನಮ್ಮ ಅಡಿಕೆ ಹಾಳೆಯ ತಟ್ಟೆ. ಊರಿನ ಸುತ್ತಮುತ್ತ ಕೆಲವು ಯೂನಿಟ್‌ನವರು ಮಾಡಿ ಕೊಡ್ತಾರೆ, ಕಂಟೈನರ್‌ನಲ್ಲಿ ಹ್ಯಾಂಬರ್ಗಿಗೆ ಬರ್ತದೆ, ಅಲ್ಲಿಂದ ನನ್ನ ಗೋಡೌನಿಗೆ, ಇಲ್ಲಿಂದ ಕ್ಯಾಟರಿಂಗ್‌ನವರಿಗೆ, ಬೇಸಿಗೆಯಲ್ಲಿ ಊರಹಬ್ಬ ಮಾಡುವ ಕ್ಲಬ್ಬುಗಳಿಗೆ, ಸ್ವಲ್ಪ ಆರ್ಗ್ಯಾನಿಕ್ ಅಂಗಡಿಗಳಿಗೆ. 2021 ಜುಲೈಯಲ್ಲಿ ಯುರೋಪಿನಲ್ಲಿ ಪ್ಲಾಸ್ಟಿಕ್ ತಟ್ಟೆ ಬ್ಯಾನ್ ಆದದ್ದರಿಂದ ಮಾಲು ಹೋಗ್ತದೆ, ಗಿರಾಕಿಗಳ ಚಿಂತೆ ಇಲ್ಲ.

ಚಿಂತೆ ಇರುದು ಪಿಆರ್‌ದು. ಮೂರು ವರ್ಷ ಆದ್ರೆ ಸ್ವಂತ ವ್ಯಾಪಾರದವರು ಹಾಕಬಹುದು ಅಂತ ಕೇಳಿ ನಾನು ಔಸ್‌ಲೆಂಡರ್ ಆಫೀಸಿಗೆ (ವಿದೇಶಿಯರ ಪರವಾನಗಿ ನೋಡುವ ಕಛೇರಿ) ಬರೆದೆ. ಅವರು ಒಂದು ಪಟ್ಟಿ ಕಳ್ಸಿದ್ದಾರೆ: ಟ್ಯಾಕ್ಸ್ ಅಸೆಸ್‌ಮೆಂಟ್‌ಗಳು, ಈ ವರ್ಷದ ಲೆಕ್ಕ, ಸ್ಟೋಯರ್‌ಬೆರಾಟರ್ (ಟ್ಯಾಕ್ಸ್ ಸಲಹೆಗಾರ) ಸಹಿ ಹಾಕಿದ ಮುಂದಿನ ಲಾಭದ ಅಂದಾಜು, ಹೆಲ್ತ್ ಇನ್ಶೂರೆನ್ಸ್, ಬಾಡಿಗೆ ಕರಾರು, ಮುಪ್ಪಿಗೆ ಎಂತ ವ್ಯವಸ್ಥೆ ಮಾಡಿದ್ದೀರಿ ಅನ್ನುದಕ್ಕೆ ಕಾಗದ. ಮತ್ತೆ ಕೊನೆಗೆ ಒಂದು ಸಾಲು, ವ್ಯಾಪಾರ ಹೇಗೆ ನಡೀತು, ಅದರಿಂದ ಇಲ್ಲಿನ ಆರ್ಥಿಕತೆಗೆ ಎಂತ ಆಯ್ತು ಅಂತ ಬರ್ದು ಕೊಡಿ. ಇದೇ ನನ್ನ ನಿದ್ದೆ ಕೆಡ್ಸಿದ್ದು. ಟರ್ನ್‌ಓವರ್ ಚೆನ್ನಾಗಿ ಕಾಣ್ತದೆ ಆದ್ರೆ ಲಾಭ ಅಂತ ಕಾಗದದಲ್ಲಿ ಇರುದು ಸ್ವಲ್ಪವೇ, ಯಾಕಂದ್ರೆ ಬಂದದ್ದನ್ನೆಲ್ಲ ಮುಂದಿನ ಕಂಟೈನರಿಗೆ ಹಾಕ್ತೇನೆ, ಮತ್ತೆ 2023ರ ಕೊನೆಗೆ ಕೆಂಪು ಸಮುದ್ರದ ಗಲಾಟೆ ಸುರುವಾಗಿ ಹಡಗುಗಳೆಲ್ಲ ಆಫ್ರಿಕ ಸುತ್ತು ಹಾಕಿ ಬಂದದ್ದಲ್ವಾ, ಆಗ ಸಾಗಾಟದ ಖರ್ಚೇ ತಿಂದು ಹಾಕಿತು. ಕೆಲಸಕ್ಕೆ ಇರುದು ಒಬ್ಬರು ಪಾರ್ಟ್‌ಟೈಮ್, ಒಬ್ಬ ಮಿನಿಜಾಬ್ (ಒಂದು ಮಿತಿಯ ಒಳಗಿನ ಸಂಬಳದ ಸಣ್ಣ ಕೆಲಸ) ಹುಡುಗ, ಅಷ್ಟೇ. ಇಷ್ಟರಲ್ಲಿ ಎಂತ ದೇಶಸೇವೆ ಅಂತ ಬರೀಲಿ?

ಹೆಂಡತಿ ಆನ್‌ಲೈನಲ್ಲಿ ಮತ್ತೆ ಮನೆಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿ ಕೊಡ್ತಾಳೆ, ಅದನ್ನೂ ಸೇರಿಸಿ ತೋರ್ಸಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಬೇರೆ ದೇಶದ ಅನುಭವ ಇದ್ರೂ ಆದೀತು.

ಬಸ್ಸಿಗೆ_ಕಾಯುವವ:

ಪೆರ್ಲದಿಂದ. ಇಲ್ಲಿ ನಮ್ಮ ತೋಟದಲ್ಲಿ ಹಾಳೆ ಬಿದ್ದದ್ದು ಬಿದ್ದಲ್ಲೇ ಕೊಳೀತಾ ಉಂಟು, ಹೆಕ್ಕಲಿಕ್ಕೆ ಜನ ಇಲ್ಲ, ಅದನ್ನು ಜರ್ಮನಿಯವರು ದುಡ್ಡು ಕೊಟ್ಟು ತಕೊಂಡು ಅದರಲ್ಲಿ ಸಾಸೇಜ್ ತಿಂತಾರೆ ಅಂದ್ರೆ ಅದೇ ಒಂದು ಕೊಡುಗೆ ಮಾರಾಯ್ರೆ. ದಾಖಲೆ ತೋರ್ಸುದಕ್ಕೆ ಹೆದರ್ಬೇಡಿ, ನಾವು ಕಾಸರಗೋಡಿನ ಕನ್ನಡದವರು 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯೂ ನಮ್ಮ ಲೆಕ್ಕ ನಾವೇ ತೋರ್ಸಿಕೊಂಡು ಬಂದವರು. ವಿಷಯ ಗೊತ್ತಿದ್ದವರು ಬರ್ಲಿ, ನಾನು ಓದ್ಲಿಕ್ಕೆ ಕೂತಿದ್ದೇನೆ.

ಮುಳ್ಳೇರಿಯ_ಸ್ಟುಟ್‌ಗಾರ್ಟ್:

ತಮ್ಮ, ಮೊದಲು ನಿಮ್ಮ ರೆಸಿಡೆನ್ಸ್ ಕಾರ್ಡ್ ತೆಗ್ದು ನೋಡಿ. ಅದರಲ್ಲಿ ಸೆಕ್ಷನ್ ನಂಬರ್ ಪ್ರಿಂಟ್ ಆಗಿರ್ತದೆ. ಎಲ್ಲಾ ಕಥೆ ಆ ನಂಬರಿನಲ್ಲಿ ಉಂಟು. ಜರ್ಮನಿಯ ರೆಸಿಡೆನ್ಸ್ ಕಾನೂನಿನ ಸೆಕ್ಷನ್ 21 ಸ್ವಂತ ಉದ್ಯೋಗದವರದ್ದು, ಅದರಲ್ಲಿ ಉಪವಿಭಾಗ 1 ಅಂದ್ರೆ ವ್ಯಾಪಾರ, ಕಂಪೆನಿ ಇತ್ಯಾದಿ, ಉಪವಿಭಾಗ 5 ಅಂದ್ರೆ ಫ್ರೀಲ್ಯಾನ್ಸ್ ವೃತ್ತಿಯವರು, ಕಲಾವಿದರು, ಅನುವಾದಕರು, ಆರ್ಕಿಟೆಕ್ಟ್ ತರದವರು. ಇನ್ನೊಂದು 2a ಉಂಟು, ಜರ್ಮನಿಯಲ್ಲೇ ಓದಿ ಡಿಗ್ರಿ ತಕೊಂಡು ಆ ಓದಿಗೆ ಸಂಬಂಧ ಇರುವ ವ್ಯಾಪಾರ ಸುರು ಮಾಡಿದವರಿಗೆ. ನಿಮ್ಮದು 1 ಇಲ್ಲದಿದ್ರೆ 2a ಇರ್ಬೇಕು. ಎರಡಕ್ಕೂ ಉಪವಿಭಾಗ 4ರಲ್ಲಿ ಹೇಳಿದ ಮೂರು ವರ್ಷದ ದಾರಿ ಉಂಟು. 5 ಅಂತ ಇದ್ರೆ ಮಾತ್ರ ಇಲ್ಲ, ಫ್ರೀಲ್ಯಾನ್ಸ್‌ನವರಿಗೆ ಅದು ಅನ್ವಯ ಆಗುದಿಲ್ಲ ಅಂತ ಕಾನೂನಿನಲ್ಲೇ ಬರ್ದಿದ್ದಾರೆ, ಅವರು ಐದು ವರ್ಷದ ಮಾಮೂಲಿ ದಾರಿಯಲ್ಲೇ ಬರ್ಬೇಕು. ಇಂಟರ್‌ನೆಟ್‌ನಲ್ಲಿ "ಸೆಲ್ಫ್ ಎಂಪ್ಲಾಯ್ಡ್ ಅಂದ್ರೆ ಮೂರೇ ವರ್ಷ" ಅಂತ ಎಲ್ಲರಿಗೂ ಒಂದೇ ಉತ್ತರ ಕೊಡುವವರು ತುಂಬ ಇದ್ದಾರೆ, ಅವರ ಮಾತು ಕೇಳಿ ಎಷ್ಟೋ ಡಿಸೈನರ್ ಹುಡುಗರು ಹೋಗಿ ವಾಪಸ್ ಬಂದಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ. ಆರ್ಥಿಕ ಪ್ರಯೋಜನ ಅನ್ನುವ ಮಾತು ಕಾನೂನಿನಲ್ಲಿ ಬರುದು ಮೊದಲ ವೀಸಾ ಕೊಡುವಾಗ. ಈ ವ್ಯಾಪಾರಕ್ಕೆ ಇಲ್ಲಿ ಆರ್ಥಿಕ ಹಿತ ಇಲ್ಲವೇ ಆ ಪ್ರದೇಶದಲ್ಲಿ ಅಗತ್ಯ ಉಂಟಾ, ಒಳ್ಳೆ ಪರಿಣಾಮ ಆದೀತಾ, ದುಡ್ಡಿನ ವ್ಯವಸ್ಥೆ ಆಗಿದ್ಯಾ, ಈ ಮೂರು. ಅದನ್ನು ಅಳೀಲಿಕ್ಕೆ ಯೋಜನೆ ನಿಲ್ಲುವಂತದ್ದಾ, ಮನುಷ್ಯನಿಗೆ ವ್ಯಾಪಾರದ ಅನುಭವ ಉಂಟಾ, ಬಂಡವಾಳ ಎಷ್ಟು, ಕೆಲಸ ಮತ್ತೆ ತರಬೇತಿ ಯಾರಿಗಾದ್ರೂ ಸಿಗ್ತದಾ, ಹೊಸತನ ಎಂತ ಅಂತ ನೋಡ್ತಾರೆ, ಬೇಕಾದ್ರೆ ಐಎಚ್‌ಕೆ ಅಂದ್ರೆ ಇಲ್ಲಿನ ವ್ಯಾಪಾರಸ್ಥರ ಚೇಂಬರ್‌ನವರ ಅಭಿಪ್ರಾಯವನ್ನೂ ಕೇಳ್ತಾರೆ. ಹಿಂದೆ ಇದಕ್ಕೆ ಒಂದು ಭಯಂಕರ ಲೆಕ್ಕ ಇತ್ತು, 2005ರಲ್ಲಿ 10 ಲಕ್ಷ ಯೂರೋ ಬಂಡವಾಳ, 10 ಜನರಿಗೆ ಕೆಲಸ, ಆಮೇಲೆ ಇಳಿದು ಇಳಿದು 2,50,000 ಮತ್ತೆ 5 ಜನ ಆಯ್ತು, 2012ರಲ್ಲಿ ಅದನ್ನೂ ತೆಗ್ದು ಹಾಕಿದ್ರು. ಆದ್ರಿಂದ "ಒಬ್ಬರೇ ಕೆಲಸದವರು" ಅಂತ ನಾಚಿಕೆ ಪಡುವ ಅಗತ್ಯ ಇಲ್ಲ, ಇಷ್ಟು ಜನ ಇರ್ಲೇ ಬೇಕು ಅಂತ ಈಗ ಎಲ್ಲಿಯೂ ಇಲ್ಲ.

ಪಿಆರ್ ಹೊತ್ತಿಗೆ ಕೇಳುದು ಎರಡೇ. ಅಂದು ಕೊಟ್ಟ ಬಿಸಿನೆಸ್ ಪ್ಲಾನ್ ನಿಜವಾಗಿ ನಡೀತಾ? ನಿಮ್ಮದೂ ನಿಮ್ಮ ಮನೆಯವರದ್ದೂ ಹೊಟ್ಟೆ ಬಟ್ಟೆ ಆ ಆದಾಯದಲ್ಲಿ ನಡೀತದಾ? ಆ ಕಾಗದದಲ್ಲಿ ಕೇಳಿದ ಸಾಲು ಮೊದಲನೆಯದ್ದರ ಬಾಲ. ಎರಡನೆಯದ್ದು ನಿಮ್ಮ ನಿಜವಾದ ಗಂಡಾಂತರ, ಯಾಕಂದ್ರೆ ಅವರು ಟರ್ನ್‌ಓವರ್ ನೋಡುದೇ ಇಲ್ಲ. ಲಾಭ, ಅದರಲ್ಲಿ ಟ್ಯಾಕ್ಸ್ ಕಳ್ದು, ಇನ್ಶೂರೆನ್ಸ್ ಕಳ್ದು ಕೈಗೆ ಉಳಿದದ್ದು. ಲೆಕ್ಕ ಹೀಗೆ ಮಾಡಿ ನೋಡಿ: ಗಂಡ ಹೆಂಡತಿಗೆ ತಲಾ 506 ಯೂರೋ, ಅದು ಇಲ್ಲಿನ ಸರ್ಕಾರಿ ನೆರವಿನ ದರ, ಅದಕ್ಕೆ ಹೀಟಿಂಗ್ ಎಲ್ಲ ಸೇರಿ ಬಾಡಿಗೆ. ಬಾಡಿಗೆ 1,050 ಅಂತ ಇಟ್ರೆ ಒಟ್ಟು 2,062. ತಿಂಗಳಿಗೆ ಕೈಗೆ ಉಳಿಯುದು ಇದಕ್ಕಿಂತ ಧಾರಾಳ ಮೇಲೆ ಇರ್ಬೇಕು, ಅಲ್ಲಿಂದಲ್ಲಿಗೆ ಇದ್ರೆ ಕಿರಿಕಿರಿ ಮಾಡ್ತಾರೆ, ಯಾಕಂದ್ರೆ ಈ ಮೂರು ವರ್ಷದ್ದು "ಕೊಡಬಹುದು" ಅಂತ ಇರುವ ಪಿಆರ್, ಐದು ವರ್ಷದ್ದರ ಹಾಗೆ ಎಲ್ಲ ಸರಿ ಇದ್ರೆ ಕೊಡ್ಲೇ ಬೇಕು ಅಂತ ಇಲ್ಲ.

ಫೀಸು 124 ಯೂರೋ. ಅದೊಂದು ಮಾತ್ರ ಕಡಿಮೆ.

ಉಪ್ಪಳ_ದೇರಾ:

ಇಷ್ಟೆಲ್ಲ ಯಾಕೆ ಭಾಯ್, ದುಬೈಗೆ ಬನ್ನಿ. ನಮ್ಮ ಉಪ್ಪಳ, ಕುಂಬ್ಳೆ, ಕಾಸರಗೋಡಿನ ಅರ್ಧ ಜನ ಇಲ್ಲೇ ಇದ್ದಾರೆ, ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಸಿಗ್ತದೆ. ಇಲ್ಲಿ ಪಿಆರ್ ಅನ್ನುದು ಇಲ್ಲ ನಿಜ, ಆದ್ರೆ 2022ರಿಂದ ಗ್ರೀನ್ ವೀಸಾ ಅಂತ ಐದು ವರ್ಷದ್ದು ಉಂಟು, ಫ್ರೀಲ್ಯಾನ್ಸರ್‌ಗಳಿಗೂ ಕೊಡ್ತಾರೆ, ಪರ್ಮಿಟ್ ಇರ್ಬೇಕು, ಡಿಗ್ರಿ ಇರ್ಬೇಕು, ಹಿಂದಿನ ಎರಡು ವರ್ಷದ ಸ್ವಂತ ಆದಾಯ 3,60,000 ದಿರ್ಹಂಗೆ ಕಡಿಮೆ ಇರ್ಬಾರ್ದು. ಕಾಗದ ಕೊಟ್ಟು ಆಯ್ತು. ಪ್ಲಾನು, ಅಂದಾಜು, ಮುಪ್ಪು ಅಂತ ಯಾರೂ ಕೇಳುದಿಲ್ಲ.

ಮುಳ್ಳೇರಿಯ_ಸ್ಟುಟ್‌ಗಾರ್ಟ್:

ಮುಪ್ಪು ಯಾಕೆ ಕೇಳುದಿಲ್ಲ ಅಂದ್ರೆ ಮುಪ್ಪಿನಲ್ಲಿ ನಿಮ್ಮನ್ನು ಇಟ್ಕೊಳ್ಳುವ ಅಂದಾಜು ಅವರಿಗೆ ಇಲ್ಲ 😄 ಜರ್ಮನಿಯವರಿಗೆ ಇಟ್ಕೊಳ್ಳಿಕ್ಕೆ ಉಂಟು, ಅದಕ್ಕೆ ಕೇಳ್ತಾರೆ.

ಉಪ್ಪಳ_ದೇರಾ:

ಅದು ಒಪ್ಪಿದೆ. ನಮ್ಮ ಮಾವ ಇಡೀ ಪ್ರಾಯ ಇಲ್ಲಿ ಅಂಗಡಿ ನಡ್ಸಿ ಕೊನೆಗೆ ಊರಿಗೇ ಹೋದದ್ದು.

ಲೆಕ್ಕದ_ಮಂಜೇಶ್ವರ:

ನಾನು ಇಲ್ಲೇ ಒಂದು ಸ್ಟೋಯರ್‌ಬೆರಾಟರ್ ಆಫೀಸಿನಲ್ಲಿ ಕೆಲಸ ಮಾಡುದು, ಆದ್ರಿಂದ ಲೆಕ್ಕದ ಭಾಗ ಮಾತ್ರ ಹೇಳ್ತೇನೆ. ಮುಳ್ಳೇರಿಯದ ಅಣ್ಣ ಹೇಳಿದ್ದು ಸರಿ, ಆದ್ರೆ "ಲಾಭ ಕಡಿಮೆ" ಅನ್ನುದು ನಿಮ್ಮ ಕೇಸಿನಲ್ಲಿ ಅರ್ಧಕ್ಕರ್ಧ ಲೆಕ್ಕ ಬರೆಯುವ ಕ್ರಮದಿಂದ ಆದದ್ದು ಅಂತ ನನಗೆ ಕಾಣ್ತದೆ.

ನೀವು ಕಂಪೆನಿ ಮಾಡಿಲ್ಲ, ಒಬ್ಬರೇ ಮಾಲೀಕರು, ಹಾಗಾದ್ರೆ ಬಹುಶಃ ಇಎಯುಆರ್ ಅನ್ನುವ ಸುಲಭದ ಲೆಕ್ಕದಲ್ಲಿ ಇದ್ದೀರಿ. ಅದರಲ್ಲಿ ಬಂದ ದುಡ್ಡು ಬಂದ ದಿನ, ಹೋದ ದುಡ್ಡು ಹೋದ ದಿನ. ಮಾರಾಟಕ್ಕೆ ತಂದ ಮಾಲಿಗೆ ಡಿಸೆಂಬರಿನಲ್ಲಿ ದುಡ್ಡು ಕೊಟ್ರೆ ಆ ಇಡೀ ಕಂಟೈನರ್ ಅದೇ ವರ್ಷದ ಖರ್ಚು, ತಟ್ಟೆ ಒಂದೂ ಮಾರದೆ ಗೋಡೌನಿನಲ್ಲಿ ಕೂತಿದ್ರೂ. ಫಿನಾನ್ಸ್‌ಆಮ್ಟಿನವರಿಗೆ (ಟ್ಯಾಕ್ಸ್ ಇಲಾಖೆ) ಅದು ಪರವಾಗಿಲ್ಲ, ಟ್ಯಾಕ್ಸ್ ಮುಂದಿನ ವರ್ಷ ಬರ್ತದೆ. ನಿಮಗೂ ಖುಷಿ, ಈ ವರ್ಷ ಟ್ಯಾಕ್ಸ್ ಕಡಿಮೆ. ಎಲ್ಲರೂ ಖುಷಿಯಲ್ಲಿ ಇರುವಾಗ ಔಸ್‌ಲೆಂಡರ್ ಆಫೀಸಿನ ಮೇಡಂ ಅದೇ ಅಸೆಸ್‌ಮೆಂಟ್ ತೆಗ್ದು ನೋಡ್ತಾರೆ, ಅವರಿಗೆ ಕಾಣುದು "ಈ ಮನುಷ್ಯನಿಗೆ ವರ್ಷಕ್ಕೆ ಇಷ್ಟೇ ಹುಟ್ಟುದು" ಅಂತ. ಟ್ಯಾಕ್ಸ್ ಉಳಿಸ್ಲಿಕ್ಕೆ ಲಾಭ ತಗ್ಗಿಸುದೂ, ಪಿಆರ್‌ಗೆ ಲಾಭ ತೋರ್ಸುದೂ ಒಂದೇ ಕಾಗದದಲ್ಲಿ ಆಗುವ ಕೆಲಸ ಅಲ್ಲ. ನಮ್ಮ ಆಫೀಸಿಗೆ ಬರುವ ವಿದೇಶಿ ವ್ಯಾಪಾರಸ್ಥರಲ್ಲಿ ಹೆಚ್ಚಿನವರು ಇದನ್ನು ಯೋಚನೆ ಮಾಡುದು ಪಿಆರ್‌ಗೆ ಹಾಕಿದ ಮೇಲೆ, ಆಗ ಹಳೇ ವರ್ಷದ ಲೆಕ್ಕ ಮುಗ್ದಿರ್ತದೆ.

ಈಗ ಮಾಡ್ಬೇಕಾದ್ದು. ವರ್ಷದ ಕೊನೆಗೆ ಗೋಡೌನಿನಲ್ಲಿ ಇದ್ದ ಸ್ಟಾಕಿನ ಪಟ್ಟಿ ಖರೀದಿ ಬೆಲೆಯೊಟ್ಟಿಗೆ ಮಾಡ್ಸಿ, ಪ್ರತಿ ವರ್ಷದ್ದೂ. ನಿಮ್ಮ ಸ್ಟೋಯರ್‌ಬೆರಾಟರ್ ಹತ್ರ ಒಂದು ಪುಟದ ಪತ್ರ ಬರ್ಸಿ, ಅಸೆಸ್‌ಮೆಂಟಿನ ಲಾಭ ಇಷ್ಟು, ಅದರಲ್ಲಿ ಮಾರದ ಸ್ಟಾಕಿಗೆ ಹೋದದ್ದು ಇಷ್ಟು, ಅದನ್ನು ಬಿಟ್ಟು ನೋಡಿದ್ರೆ ವ್ಯಾಪಾರದ ಗಳಿಕೆ ಇಷ್ಟು ಅಂತ. ಸಾಗಾಟ ದುಬಾರಿಯಾದ ವರ್ಷಕ್ಕೆ ಶಿಪ್ಪಿಂಗ್ ಬಿಲ್ಲುಗಳನ್ನೇ ಹಿಂದಿನ ಬಿಲ್ಲಿನ ಪಕ್ಕ ಇಡಿ, ಮಾತು ಬೇಡ. ಇನ್ನು ಮುಂದಕ್ಕೆ ಬೇಕಾದ್ರೆ ನೀವಾಗಿಯೇ ಬ್ಯಾಲೆನ್ಸ್‌ಶೀಟ್ ಲೆಕ್ಕಕ್ಕೆ ಹೋಗಬಹುದು, ಕಡ್ಡಾಯ ಆಗುದು ಟರ್ನ್‌ಓವರ್ 8,00,000 ಇಲ್ಲವೇ ಲಾಭ 80,000 ಯೂರೋ ದಾಟಿದ್ರೆ, ಆದ್ರೆ ಮೊದಲೇ ಮಾಡ್ಲಿಕ್ಕೆ ಅಡ್ಡಿ ಇಲ್ಲ. ಅದರಲ್ಲಿ ಸ್ಟಾಕು ಆಸ್ತಿ ಅಂತ ಕೂರ್ತದೆ, ಲಾಭ ನಿಜ ಎಷ್ಟೋ ಅಷ್ಟು ಕಾಣ್ತದೆ. ಫೀಸು ಜಾಸ್ತಿ ಆಗ್ತದೆ, ಸುರುವಿನ ವರ್ಷ ಟ್ಯಾಕ್ಸೂ ಒಟ್ಟಿಗೆ ಬರ್ತದೆ, ಅದನ್ನು ಮೊದಲೇ ಹೇಳಿ ಬಿಡ್ತೇನೆ.

ಕೊಡುಗೆ ಅನ್ನುವ ಸಾಲಿಗೆ ಪ್ರಬಂಧ ಬರೀಬೇಡಿ. ನಾನು ಪರಿಸರ ಪ್ರೇಮಿ, ಎರಡು ದೇಶಗಳ ಸೇತುವೆ ಅಂತ ಬರೆದದ್ದನ್ನು ಅವರು ಓದುದಿಲ್ಲ. ಒಂದು ಪುಟ ಸಾಕು: ಮೂರು ವರ್ಷದಲ್ಲಿ ಕಟ್ಟಿದ ಇನ್ಕಮ್ ಟ್ಯಾಕ್ಸ್, ವ್ಯಾಟ್ ಎಷ್ಟು, ಲಾಭ 24,500 ದಾಟಿದ ವರ್ಷ ಇದ್ರೆ ಮುನಿಸಿಪಾಲಿಟಿಗೆ ಹೋದ ಟ್ರೇಡ್ ಟ್ಯಾಕ್ಸ್, ಕೆಲಸದವರ ಸಂಬಳ ಮತ್ತೆ ಅವರ ಸೋಶಿಯಲ್ ಇನ್ಶೂರೆನ್ಸ್‌ಗೆ ನಿಮ್ಮ ಕೈಯಿಂದ ಹೋದದ್ದು, ಗೋಡೌನ್ ಬಾಡಿಗೆ, ಇಲ್ಲಿನ ಸಾಗಾಟದವರಿಗೆ ಕೊಟ್ಟದ್ದು. ಎಲ್ಲದಕ್ಕೂ ಪುರಾವೆ ನಿಮ್ಮ ಫೈಲಿನಲ್ಲೇ ಉಂಟು. ಆ ಪಾರ್ಟ್‌ಟೈಮ್‌ನವರು ಮಿನಿಜಾಬ್ ಹುಡುಗನಿಗಿಂತ ತುಂಬ ತೂಕ, ಯಾಕಂದ್ರೆ ಅವರಿಗೆ ಪೂರ್ತಿ ಸೋಶಿಯಲ್ ಇನ್ಶೂರೆನ್ಸ್ ಹೋಗ್ತದೆ. ಅವರನ್ನು ಮೇಲೆ ಬರೀರಿ.

ಗಡಿನಾಡ_ಸಂಶಯ:

ಒಂದು ಅಡ್ಡ ಪ್ರಶ್ನೆ. ಅಮೆರಿಕದಲ್ಲಿ 2025 ಮೇಯಲ್ಲಿ ಆಹಾರ, ಔಷಧಿ ನೋಡುವ ಸರ್ಕಾರಿ ಇಲಾಖೆ ಎಫ್‌ಡಿಎಯವರು ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಆಗುದಿಲ್ಲ, ಅದರ ಅಂಶ ಆಹಾರಕ್ಕೆ ಬಿಡ್ತದೆ ಅಂತ ಹೇಳಿದ್ರಲ್ಲ, ಇಲ್ಲಿ ಊರಿನಲ್ಲಿ ಯೂನಿಟ್‌ನವರೆಲ್ಲ ಕಂಗಾಲಾಗಿದ್ರು. ನಾಳೆ ಯುರೋಪಿನವರೂ ಹಾಗೆ ಹೇಳಿದ್ರೆ? ಆಫೀಸಿನವರು ಆ ವಿಷಯ ಎತ್ತಿದ್ರೆ ಎಂತ ಮಾಡುದು? ನಿಮ್ಮನ್ನು ಹೆದರ್ಸಲಿಕ್ಕೆ ಅಲ್ಲ, "ವ್ಯಾಪಾರ ಮುಂದೆಯೂ ನಿಲ್ತದಾ" ಅಂತ ನೋಡುವವರು ಗೂಗಲ್ ಮಾಡದೆ ಇರ್ತಾರಾ?

ಬದಿಯಡ್ಕ_ಹಾಳೆ:

ಅದು ನನ್ನ ತಲೆಯಲ್ಲೂ ಉಂಟು. ಇಲ್ಲಿ ಆಹಾರಕ್ಕೆ ತಾಗುವ ಸಾಮಾನಿಗೆ 1935/2004 ಅಂತ ಯುರೋಪಿನ ನಿಯಮ, ಅದರ ಪ್ರಕಾರ ಮಾಲು ಆರೋಗ್ಯಕ್ಕೆ ಹಾಳು ಮಾಡಬಾರ್ದು, ಅದಕ್ಕೆ ಜವಾಬ್ದಾರ ಆಮದು ಮಾಡಿದವ. ನಾನು ಬ್ಯಾಚ್‌ಗಳನ್ನು ಲ್ಯಾಬಿಗೆ ಕೊಡ್ತೇನೆ, ರಿಪೋರ್ಟ್ ಉಂಟು. ಅದಲ್ಲದೆ ಕಬ್ಬಿನ ಸಿಪ್ಪೆಯ ಬೌಲ್, ಮರದ ಚಮಚ ಎಲ್ಲ ಈಗ ತರ್ಸ್ತೇನೆ, ಹಾಳೆ ಒಂದನ್ನೇ ನಂಬಿ ಕೂತಿಲ್ಲ.

ಮಂಜೇಶ್ವರದವರೇ, ನೀವು ಹೇಳಿದ್ದು ಓದಿ ನಾನು ಫೈಲ್ ತೆಗ್ದು ನೋಡಿದೆ. ಹೌದು, ಇಎಯುಆರ್. ಹೌದು, ಎರಡು ಸಲ ಡಿಸೆಂಬರಿನಲ್ಲಿ ಕಂಟೈನರ್. ಸ್ಟೋಯರ್‌ಬೆರಾಟರ್ ಆಗ ಒಳ್ಳೆದಾಯ್ತು ಟ್ಯಾಕ್ಸ್ ಕಮ್ಮಿ ಅಂತ ಹೇಳಿದ್ದು. ಕಾರ್ಡಿನಲ್ಲಿ 2a ಅಂತ ಉಂಟು.

ಲೆಕ್ಕದ_ಮಂಜೇಶ್ವರ:

ಬೇರೆ ಸಾಮಾನೂ ತರ್ಸುದನ್ನು ಮುಂದಿನ ಲಾಭದ ಅಂದಾಜಿನಲ್ಲಿ ಬೇರೆ ಬೇರೆ ಸಾಲು ಮಾಡಿ ಹಾಕ್ಸಿ. ಹಾಳೆ ಇಷ್ಟು, ಬೌಲ್ ಇಷ್ಟು ಅಂತ. ಅಮೆರಿಕದ ವಿಷಯ ಅವರು ಕೇಳಿದ್ರೆ ಉತ್ತರ ಕಾಗದದಲ್ಲೇ ಇರ್ತದೆ. ಕೇಳದಿದ್ರೆ ನೀವಾಗಿ ಎತ್ಲಿಕ್ಕೆ ಹೋಗ್ಬೇಡಿ. ನಿಮ್ಮ ದೊಡ್ಡ ಗಿರಾಕಿಗಳಲ್ಲಿ ವರ್ಷಾವಧಿ ಕರಾರು ಯಾರಾದ್ರೂ ಮಾಡಿದ್ರೆ ಅದು ಚಿನ್ನ, ಅದರ ಕಾಪಿ ಇಡಿ. ಸ್ಟೋಯರ್‌ಬೆರಾಟರ್ ಮೇಲೆ ಸಿಟ್ಟು ಮಾಡ್ಬೇಡಿ ಮತ್ತೆ, ನೀವು ಪಿಆರ್ ಸುದ್ದಿ ಹೇಳದಿದ್ರೆ ಅವರ ಕೆಲಸ ಟ್ಯಾಕ್ಸ್ ಕಡಿಮೆ ಮಾಡುದೇ ಅಲ್ವಾ.

ಕುಂಬ್ಳೆಯ_ಅಕ್ಕ:

ಎಲ್ಲರೂ ತಮ್ಮನ ತಟ್ಟೆಯ ಬಗ್ಗೆ ಹೇಳಿದ್ರಿ, ಹೆಂಡತಿಯ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ನಾನು ಅನುವಾದದ ಫ್ರೀಲ್ಯಾನ್ಸ್ ಮಾಡುವವಳು, ಆ ಉಪವಿಭಾಗ 5, ಐದು ವರ್ಷದ ದಾರಿಯಲ್ಲಿ ಪಿಆರ್ ಆದದ್ದು. ಆ ದಾರಿಗೆ 60 ತಿಂಗಳ ಪೆನ್ಶನ್ ಕಂತು ಬೇಕು, ಇಲ್ಲ ಅದಕ್ಕೆ ಸಮನಾದ ಖಾಸಗಿ ವ್ಯವಸ್ಥೆ ಬೇಕು. ನಮ್ಮ ಹಾಗೆ ಸ್ವಂತ ಉದ್ಯೋಗದವರಿಗೆ ಯಾರೂ ಹಿಡ್ಕೊಳ್ಳುದಿಲ್ಲ, ನಾವೇ ಕಟ್ಬೇಕು, ಸ್ವಯಂಪ್ರೇರಿತ ಕಂತು 2025ರಲ್ಲಿ ತಿಂಗಳಿಗೆ ಕನಿಷ್ಠ 103.42 ಯೂರೋ ಇತ್ತು, ಒಂದು ವರ್ಷದ್ದನ್ನು ಮುಂದಿನ ವರ್ಷ ಮಾರ್ಚ್ 31ರ ಒಳಗೆ ಕಟ್ಟಬಹುದು, ಆಮೇಲೆ ಬಾಗಿಲು ಮುಚ್ತದೆ. ಮೂರು ವರ್ಷದ ದಾರಿಗೆ ಈ 60 ತಿಂಗಳ ಲೆಕ್ಕ ಇಲ್ಲ. ಆದ್ರೂ ಮುಪ್ಪಿನ ವ್ಯವಸ್ಥೆ ಅಂತ ನಿಮ್ಮ ಪಟ್ಟಿಯಲ್ಲಿ ಕೇಳಿದ್ದಾರಲ್ಲ, ಎಂತದಾದ್ರೂ ತೋರ್ಸಿ, ಆ ಒಂದು ವರ್ಷ ಕೆಲಸದಲ್ಲಿ ಇದ್ದಾಗ ಕಟ್ಟಿದ್ದೂ ಸೇರಿಸಿ, ಪೆನ್ಶನ್ ಇಲಾಖೆಯಿಂದ ಹಿಸ್ಟರಿ ತರ್ಸಿದ್ರೆ ಎಲ್ಲ ಬರ್ತದೆ.

ಈಗ ನಿಮ್ಮ ಮನೆಯವಳದ್ದು. ಅವಳ ಕಾರ್ಡು ಗಂಡನ ಒಟ್ಟಿಗೆ ಬಂದವರದ್ದು ಆಗಿದ್ರೆ ಕೆಲಸ, ಸ್ವಂತ ಉದ್ಯೋಗ ಎಲ್ಲಕ್ಕೂ ಅನುಮತಿ ಇರ್ತದೆ, ಅದು ತೊಂದರೆ ಇಲ್ಲ. ಆದ್ರೆ ಪಾಠ ಹೇಳುವವರಿಗೆ ಜರ್ಮನಿಯಲ್ಲಿ ಒಂದು ಗುಂಡಿ ಉಂಟು, ತುಂಬ ಜನ ನೋಡದೆ ಬೀಳ್ತಾರೆ. ಸ್ವಂತವಾಗಿ ಕಲಿಸುವವರು, ಸಂಗೀತ ಇರ್ಲಿ ಯೋಗ ಇರ್ಲಿ ಭಾಷೆ ಇರ್ಲಿ, ಕೈಕೆಳಗೆ ಯಾರೂ ಇಲ್ಲದಿದ್ರೆ, ಆದಾಯ ಮಿನಿಜಾಬ್ ಮಿತಿ ದಾಟಿದ್ರೆ, ಸರ್ಕಾರಿ ಪೆನ್ಶನ್ ಕಡ್ಡಾಯ. ಆ ಮಿತಿ 2025ರಲ್ಲಿ ತಿಂಗಳಿಗೆ 556 ಯೂರೋ, 2026ರಲ್ಲಿ 603. ಬೇಕಾದ್ರೆ ಕಟ್ಟುದು ಅಲ್ಲ, ಕಟ್ಲೇ ಬೇಕು, ಮತ್ತೆ ತಾನಾಗಿ ಹೋಗಿ ಹೇಳ್ಬೇಕು. ಹೇಳದೆ ಇದ್ರೆ ಹಿಂದಿನ ವರ್ಷಗಳದ್ದು ಒಟ್ಟಿಗೆ ಕೇಳ್ತಾರೆ. ಪಿಆರ್‌ಗೆ ಅಂತ ನೀವು ಅವಳ ಆದಾಯ ಸೇರಿಸಿ ತೋರ್ಸಿದ್ರೆ, ಆ ಕಾಗದದಲ್ಲಿ ಪೆನ್ಶನ್ ಕಂತು ಎಲ್ಲಿ ಅಂತ ಪ್ರಶ್ನೆ ಬರುದು ಸಹಜ.

ಅದಕ್ಕೆ ಒಳ್ಳೆ ದಾರಿ ಒಂದುಂಟು. ಸಂಗೀತ ಕಲಿಸುವವರನ್ನು ಕಲಾವಿದರ ಸೋಶಿಯಲ್ ಫಂಡ್, ಕ್ಯುನ್ಸ್ಟ್ಲರ್‌ಸೊಟ್ಸಿಯಾಲ್‌ಕಾಸೆ ಅಂತ ಹೇಳ್ತಾರೆ, ಅದರಲ್ಲಿ ಸೇರಿಸ್ತಾರೆ. ವರ್ಷಕ್ಕೆ ಆದಾಯ 3,900 ಯೂರೋ ಮೇಲೆ ಇರ್ಬೇಕು, ಹೊಸಬರಿಗೆ ಮೊದಲ ಮೂರು ವರ್ಷ ಆ ಮಿತಿಯೂ ಇಲ್ಲ. ಅದರಲ್ಲಿ ಸೇರಿದ್ರೆ ಪೆನ್ಶನ್, ಹೆಲ್ತ್ ಎರಡರ ಅರ್ಧ ಕಂತು ಅವಳದ್ದು, ಉಳಿದರ್ಧ ಆ ಫಂಡಿನದ್ದು, ನೌಕರಿಯಲ್ಲಿ ಇದ್ದವರ ಹಾಗೆ. ಅರ್ಜಿ ಉದ್ದ ಉಂಟು, ಸಂಗೀತ ಕಛೇರಿ ಕೊಟ್ಟ ಪೋಸ್ಟರು, ವಿದ್ಯಾರ್ಥಿಗಳ ಬಿಲ್ಲು, ಗುರುಗಳ ಪತ್ರ ಎಲ್ಲ ಹಾಕಿ. ಊರಿನಲ್ಲಿ ನವರಾತ್ರಿಗೆ ದೇವಸ್ಥಾನದಲ್ಲಿ ಹಾಡಿದ ಆಮಂತ್ರಣ ಪತ್ರಿಕೆ ಇದ್ರೆ ಅದನ್ನೂ ಭಾಷಾಂತರ ಮಾಡ್ಸಿ ಇಡಿ, ಕಲಾವಿದೆ ಅಂತ ತೋರ್ಸ್ಲಿಕ್ಕೆ ಅದು ಆಗ್ತದೆ.

ಅವಳ ಪಿಆರ್ ಬೇರೆ, ನಿಮ್ಮದು ಆದ ಕೂಡ್ಲೇ ಅವಳದ್ದು ಆಗುದಿಲ್ಲ. ಅವಳಿಗೆ ಐದು ವರ್ಷದ ದಾರಿ, ಜರ್ಮನ್ ಭಾಷೆ ಬಿ1 ಮಟ್ಟದ್ದು ಬೇಕು, ಲೇಬನ್ ಇನ್ ಡೊಯಿಚ್‌ಲಾಂಡ್ ಪರೀಕ್ಷೆ ಬೇಕು. ಅದು ಇಲ್ಲಿನ ಕಾನೂನು, ಸಮಾಜದ ಬಗ್ಗೆ ಇರುದು, ಸುಲಭ, 33 ಪ್ರಶ್ನೆ, 15 ಸರಿ ಆದ್ರೆ ಪಿಆರ್‌ಗೆ ಸಾಕು, ಪ್ರಶ್ನೆಗಳೆಲ್ಲ ಮೊದಲೇ ಸಿಗ್ತದೆ. 60 ತಿಂಗಳ ಪೆನ್ಶನ್ ಮಾತ್ರ ಗಂಡ ಹೆಂಡತಿಯಲ್ಲಿ ಒಬ್ಬರದ್ದು ಇದ್ರೆ ಆಯ್ತು. ಆದ್ರಿಂದ ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಇಂದಿನಿಂದ ಕಟ್ಲಿಕ್ಕೆ ಸುರು ಮಾಡಿ. ಅವಳಿಗೂ ಹೀಗೆ ಒಂದು ನೆಲೆ ಆಗ್ತದೆ, ಗಂಡನ ಕಂಟೈನರ್ ಬಂತಾ ಇಲ್ವಾ ಅಂತ ನೋಡ್ತಾ ಕೂರುದು ತಪ್ತದೆ.

ಟೊರಾಂಟೋ_ನೀರ್ಚಾಲು:

ಬೇರೆ ದೇಶದ್ದು ಕೇಳಿದ್ರಲ್ಲ. ಕೆನಡದ ಕಥೆ ಚಿಕ್ಕದು: ಇಲ್ಲಿ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸಿಗೆ (ಇಲ್ಲಿನ ಕೆಲಸದ ಅನುಭವದ ಮೇಲೆ ಪಿಆರ್ ಕೊಡುವ ದಾರಿ) ಇಲ್ಲಿ ಮಾಡಿದ ಸ್ವಂತ ಉದ್ಯೋಗ ಲೆಕ್ಕಕ್ಕೇ ಇಲ್ಲ, ಡಾಕ್ಟರ್‌ಗಳಿಗೆ ವಿನಾಯಿತಿ ಉಂಟು. ಸೆಲ್ಫ್ ಎಂಪ್ಲಾಯ್ಡ್ ಪ್ರೋಗ್ರಾಮ್ ಅಂತ ಇದ್ದದ್ದು ಕಲೆ ಮತ್ತೆ ಕ್ರೀಡೆಯವರಿಗೆ, ಅದಕ್ಕೂ 2024 ಏಪ್ರಿಲ್ 30ರಿಂದ ಹೊಸ ಅರ್ಜಿ ತಕೊಳ್ಳುದು ನಿಲ್ಸಿದ್ರು. ವ್ಯಾಪಾರದ ಟ್ಯಾಕ್ಸ್ ಕಟ್ಟಿ ಕಟ್ಟಿ ಕೊನೆಗೆ ಪಾಯಿಂಟಿಗೋಸ್ಕರ ಇನ್ನೊಬ್ಬರ ಅಂಗಡಿಯಲ್ಲಿ ನೌಕರಿ ಹಿಡಿದವರನ್ನು ನೋಡಿದ್ದೇನೆ. ನಿಮ್ಮಲ್ಲಿ ಲಾಭ ತೋರ್ಸಿ ಅಂತಾದ್ರೂ ಕೇಳ್ತಾರಲ್ಲ, ಸಂತೋಷ ಪಡಿ.

ಗಡಿನಾಡ_ಸಂಶಯ:

ವಕೀಲರು ಬೇಕಾ ಇದಕ್ಕೆ?

ಮುಳ್ಳೇರಿಯ_ಸ್ಟುಟ್‌ಗಾರ್ಟ್:

ಈಗ ಬೇಡ. ಲೆಕ್ಕ ಸರಿ ಇಲ್ಲದಿದ್ರೆ ವಕೀಲರು ಎಂತ ಮಾಡ್ತಾರೆ, ಸರಿ ಇದ್ರೆ ಅವರು ಯಾಕೆ? ಅರ್ಜಿ ಕೊಟ್ಟು ಮೂರು ತಿಂಗಳು ದಾಟಿಯೂ ಉತ್ತರವೇ ಇಲ್ಲ ಅಂತಾದ್ರೆ ಕೋರ್ಟಿನಲ್ಲಿ ತಡ ಮಾಡಿದ್ದಕ್ಕೆ ಕೇಸು ಹಾಕುವ ಕ್ರಮ ಉಂಟು, ಆಗ ನೋಡಿ. ಈಗಿನ ಕಾರ್ಡ್ ಮುಗಿಯುವ ಮೊದಲೇ ಅರ್ಜಿ ಕೊಟ್ಟಿರ್ಬೇಕು, ಅದೊಂದು ಮರೀಬೇಡಿ, ಮೊದಲೇ ಕೊಟ್ರೆ ತೀರ್ಮಾನ ಆಗುವವರೆಗೆ ಹಳೇ ಹಕ್ಕು ಮುಂದುವರೀತದೆ, ಅದಕ್ಕೊಂದು ಹಸಿರು ಕಾಗದ ಸಿಗ್ತದೆ.

ಬದಿಯಡ್ಕ_ಹಾಳೆ:

ಎಲ್ಲರಿಗೂ ತುಂಬ ಉಪಕಾರ ಆಯ್ತು. ಅಕ್ಕ, ಹೆಂಡತಿಗೆ ಓದಿ ಹೇಳಿದೆ, ಅವಳು ಆ ಫಂಡಿನ ಅರ್ಜಿ ಈಗಲೇ ಪ್ರಿಂಟ್ ತೆಗ್ದಿದ್ದಾಳೆ.

ಇನ್ನೊಂದು ಕೇಳ್ಳಿಕ್ಕೆ ಉಂಟು. ಅಪ್ಪನಿಗೆ ಪ್ರಾಯ ಆಯ್ತು, ತೋಟ ನೋಡ್ಲಿಕ್ಕೆ ಮಳೆಗಾಲದಲ್ಲಿ ಮದ್ದು ಬಿಡುವಾಗ, ಮತ್ತೆ ಕೊಯ್ಲಿಗೆ ನಾನು ಬಂದು ನಿಲ್ಬೇಕಾಗ್ತದೆ, ಮುಂದೆ ಒಂದೊಂದು ಸಲ ಜಾಸ್ತಿ ಸಮಯವೂ ಬೇಕಾದೀತು. ಅದಕ್ಕೆ ಪಿಆರ್ ಸಾಕು ಅಂತ ನನ್ನ ಮನಸ್ಸು, ಸಿಟಿಜನ್‌ಶಿಪ್ ಬೇಡ. ಕೆಲವರು ನೇರ ಪಾಸ್‌ಪೋರ್ಟಿಗೇ ಹಾಕು ಅಂತಾರೆ.

ಮುಳ್ಳೇರಿಯ_ಸ್ಟುಟ್‌ಗಾರ್ಟ್:

ಹಾಗಾದ್ರೆ ಇದನ್ನು ಗಮನ ಇಟ್ಟು ಓದಿ. ನೀವು ಹೇಳುವ ಪಿಆರ್, ಆ ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್, ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಇದ್ರೆ ಸಾಮಾನ್ಯವಾಗಿ ತಾನಾಗಿ ಸಾಯ್ತದೆ. ಮೊದಲೇ ಆಫೀಸಿನಲ್ಲಿ ಕೇಳಿ ಜಾಸ್ತಿ ಸಮಯ ಬರ್ಸಿಕೊಳ್ಳಬಹುದು, ಕೊಟ್ರೆ. ಇನ್ನೊಂದು ತರದ ಪಿಆರ್ ಉಂಟು, ಡೌವರ್‌ಔಫೆಂಟ್‌ಹಾಲ್ಟ್ ಇಯು, ಯುರೋಪಿನ ಲಾಂಗ್ ಟರ್ಮ್ ಕಾರ್ಡು. ಅದರಲ್ಲಿ ಯುರೋಪಿನ ಹೊರಗೆ ಹನ್ನೆರಡು ತಿಂಗಳ ತನಕ ಒಟ್ಟಿಗೆ ಇರಬಹುದು. ಅಪ್ಪ, ತೋಟ ಅಂತ ಇರುವ ನಮ್ಮಂತವರಿಗೆ ಅದೇ ಲಾಯಕ್. ಅದಕ್ಕೆ ಐದು ವರ್ಷ ಬೇಕು, ಆದ್ರೆ ಓದಿದ ಸಮಯ ಅರ್ಧ ಲೆಕ್ಕಕ್ಕೆ ಬರ್ತದೆ. ನಿಮ್ಮದು ಎರಡು ವರ್ಷ ಓದಿನದ್ದು ಒಂದು ಆಯ್ತು, ಕೆಲಸ ಒಂದು, ವ್ಯಾಪಾರ ಮೂರು. ಐದು ಆಯ್ತಲ್ಲ ಮಾರಾಯ! ಬಿ1, ಆ 33 ಪ್ರಶ್ನೆಯ ಪರೀಕ್ಷೆ, ಸ್ಥಿರ ಆದಾಯ, ತಕ್ಕಮಟ್ಟಿನ ಮುಪ್ಪಿನ ವ್ಯವಸ್ಥೆ ಬೇಕು. ಮಂಜೇಶ್ವರದವರು ಹೇಳಿದ ಲೆಕ್ಕದ ಕಾಗದವೇ ಇದಕ್ಕೂ ನಡೀತದೆ. ಎರಡಕ್ಕೂ ಅರ್ಜಿ ಕೊಡಿ, ಎರಡೂ ಒಬ್ಬರ ಹತ್ರವೇ ಇರ್ಲಿಕ್ಕೆ ಆಗ್ತದೆ, ಒಂದು ಬಂದ್ರೆ ಇನ್ನೊಂದು ಬಿಡ್ಬೇಕು ಅಂತ ಇಲ್ಲ.

ಸಿಟಿಜನ್‌ಶಿಪ್ ಈಗ ಇಲ್ಲಿ ಐದು ವರ್ಷಕ್ಕೆ ಹಾಕಬಹುದು, 2024 ಜೂನ್ ನಂತರ ಎರಡು ಪಾಸ್‌ಪೋರ್ಟಿಗೆ ಜರ್ಮನಿಯ ತಕರಾರು ಇಲ್ಲ, ತಕರಾರು ಇರುದು ನಮ್ಮ ದೇಶದ್ದು, ಭಾರತದ ಪಾಸ್‌ಪೋರ್ಟ್ ಬಿಟ್ಟು ಕೊಟ್ಟು ಓಸಿಐ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರ ಕಾರ್ಡ್) ತಕೊಳ್ಬೇಕು. ಓಸಿಐ ಆದವರಿಗೆ ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರುದಕ್ಕೆ ಅಡ್ಡಿ ಇಲ್ಲ, ಪಕ್ಕದ ಜಾಗ ಮಾರ್ಲಿಕ್ಕೆ ಬಂತು ಅಂತ ಹೊಸತಾಗಿ ಕೃಷಿ ಜಾಗ ಖರೀದಿ ಮಾಡ್ಲಿಕ್ಕೆ ಮಾತ್ರ ಆಗುದಿಲ್ಲ. ಆದ್ರೆ ಎನ್‌ಆರ್‌ಐ ಆದ ನೀವು ಈಗಲೂ ಅದನ್ನು ಸೀದಾ ಖರೀದಿ ಮಾಡ್ಲಿಕ್ಕೆ ಆಗುದಿಲ್ಲ, ಅದು ತುಂಬ ಜನರಿಗೆ ಗೊತ್ತಿಲ್ಲ. ಆದ್ರಿಂದ ತೋಟದ ವಿಷಯಕ್ಕೆ ಅಂತ ಪಾಸ್‌ಪೋರ್ಟ್ ಬೇಡ ಅನ್ನುದಾದ್ರೆ ಇನ್ನೊಮ್ಮೆ ಯೋಚನೆ ಮಾಡಿ, ಬೇರೆ ಕಾರಣ ಇದ್ರೆ ಸರಿ.

ಬದಿಯಡ್ಕ_ಹಾಳೆ:

ಇಯು ಕಾರ್ಡ್ ಅಂತ ಒಂದು ಇದ್ದದ್ದೇ ಯಾರೂ ಹೇಳಿರ್ಲಿಲ್ಲ. ಬಿ1 ಆಗಿದೆ, ಪರೀಕ್ಷೆಗೆ ಹೆಸರು ಕೊಡ್ಬೇಕು. ಅಣ್ಣ, ಎರಡೂ ಒಂದೇ ಫಾರ್ಮಾ, ಬೇರೆ ಬೇರೆಯಾ?

ಮುಳ್ಳೇರಿಯ_ಸ್ಟುಟ್‌ಗಾರ್ಟ್:

ಊರಿಂದ ಊರಿಗೆ ಬದಲಾಗ್ತದೆ. ಕೆಲವು ಆಫೀಸಿನಲ್ಲಿ ಒಂದೇ ಫಾರ್ಮಿನಲ್ಲಿ ಎರಡು ಚೌಕ ಇರ್ತದೆ, ಟಿಕ್ ಮಾಡಿದ್ರಾಯ್ತು. ಇಲ್ಲದಿದ್ರೆ ಮೇಲಿನ ಪತ್ರದಲ್ಲಿ ಎರಡೂ ಕೇಳ್ತಾ ಇದ್ದೇನೆ ಅಂತ ಸೆಕ್ಷನ್ ನಂಬರ್ ಹಾಕಿ ಬರೀರಿ, 21 ಉಪವಿಭಾಗ 4 ಮತ್ತೆ ಇಯು ಕಾರ್ಡಿನ 9a. ಕಾಪಿಗೆ ಅವರ ಸೀಲ್ ಹಾಕ್ಸಿ ತಕೊಳ್ಳಿ. ಮತ್ತೆ ಈ ವರ್ಷ ಡಿಸೆಂಬರಿನಲ್ಲಿ ಕಂಟೈನರಿಗೆ ದುಡ್ಡು ಕಳ್ಸುವ ಮೊದಲು ಮಂಜೇಶ್ವರದವರಿಗೆ ಒಂದು ಮೆಸೇಜ್ ಹಾಕಿ.